ಹಿಮದ ನಾಡಿನಲ್ಲೊಂದು ಹಸಿರು ಅಂಗಳ

ನಮ್ಮದು ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ಒಕ್ಕಲುತನದ ಮನೆತನ. ಎರೆಹೊಲದಲ್ಲಿ ಕರಿಕೆ ಹಬ್ಬಿತೆಂದರೆ ರೈತನ ಪಾಲಿಗೆ ಅದಕ್ಕಿಂತ ದೊಡ್ಡ ಕಂಟಕವಿಲ್ಲ. ನಮ್ಮ ತಂದೆಯವರು ಬೇಸಿಗೆಯ ಉರಿಬಿಸಿಲಿನಲ್ಲಿ ಗುದ್ದಲಿ ಹಿಡಿದು, ಮೊಳದಷ್ಟು ಆಳಕ್ಕೆ ಅಗೆದು, ಕರಿಕೆಯ ಬೇರುಗಳನ್ನು ಆರಿಸಿ ಬದುವಿನ ಮೇಲೆ ಒಣಹಾಕುತ್ತಿದ್ದರು. ಅವರ ಹಿಂದೆ ಬುಟ್ಟಿ ಹಿಡಿದು ನಡೆದವನು ನಾನು. ಅಂಥ ಮನೆಯಲ್ಲಿ ಹುಟ್ಟಿ, ಪ್ರೌಢಶಾಲೆಯಲ್ಲಿ 34 ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ನನ್ನ ಕೈಗೆ, ಎಪ್ಪತ್ತರ ಸಮೀಪದಲ್ಲಿ, ಹುಲ್ಲನ್ನೇ ಬೆಳೆಸುವ ಕೆಲಸ ಬಂದಿತೆಂದರೆ ಓದುಗರಿಗೆ ನಗು ಬರಬಹುದು. ನನಗೂ ಮೊದಲು ಬಂದದ್ದು ನಗುವೇ. ಆ ನಗು ನಾಚಿಕೆಯಾಗಿ, ಆ ನಾಚಿಕೆ ಪಾಠವಾದ ಬಗೆಯನ್ನು ಹೇಳುವುದಕ್ಕಾಗಿ ಈ ಬರಹ.

2023ರ ಏಪ್ರಿಲ್ 12ರಂದು ನಾನು ಮತ್ತು ನನ್ನ ಪತ್ನಿ ಅಮೆರಿಕದ ಮಿನ್ನೆಸೋಟ ರಾಜ್ಯದ ಡುಲೂತ್ ಎಂಬ ಊರಿನಲ್ಲಿರುವ ಮಗನ ಮನೆಗೆ ತಲುಪಿದೆವು. ಸೊಸೆ, ಮಗ ಇಬ್ಬರೂ ಉದ್ಯೋಗಸ್ಥರು; ಏಳು ವರ್ಷದ ಮೊಮ್ಮಗಳು ಶಾಲೆಗೆ ಹೋಗುತ್ತಾಳೆ. ಹಗಲೆಲ್ಲ ಮನೆಯಲ್ಲಿ ನಾವಿಬ್ಬರೇ. ನನ್ನ ಪತ್ನಿಗೆ ಅಡುಗೆಮನೆ ಎಲ್ಲಿದ್ದರೂ ತವರುಮನೆಯೇ. ನನಗೆ ಮಾತ್ರ ಕೈಗೆ ಕೆಲಸವಿಲ್ಲದೆ ದಿನ ಬೆಟ್ಟವಾಗತೊಡಗಿತು.

ಸರೋವರದ ದಂಡೆಯ ಊರು

ಡುಲೂತ್ ಸುಪೀರಿಯರ್ ಸರೋವರದ ಪಶ್ಚಿಮದ ತುದಿಯಲ್ಲಿದೆ. ಆ ಸರೋವರವನ್ನು ಕೆರೆ ಎಂದು ಕರೆಯಲು ಬಾಯಿ ಬರುವುದಿಲ್ಲ. 82,100 ಚದರ ಕಿಲೋಮೀಟರ್ ವಿಸ್ತಾರದ ಅದು, ಹರವಿನ ಲೆಕ್ಕದಲ್ಲಿ ಜಗತ್ತಿನ ಸಿಹಿನೀರಿನ ಸರೋವರಗಳಲ್ಲೆಲ್ಲ ದೊಡ್ಡದು. ದಂಡೆಯಲ್ಲಿ ನಿಂತರೆ ಆಚೆಯ ತೀರ ಕಾಣದು. ಕಬ್ಬಿಣದ ಅದಿರನ್ನು ಹೊತ್ತ ಭಾರಿ ಹಡಗುಗಳು ಬಂದಾಗ ಅಲ್ಲಿಯ ಉಕ್ಕಿನ ಸೇತುವೆಯೊಂದು ತನ್ನ ದಾರಿಯನ್ನೇ ಮೇಲಕ್ಕೆತ್ತಿ ಹಾದಿ ಬಿಡುತ್ತದೆ. ಊರು ಸರೋವರಕ್ಕೆ ಮುಖಮಾಡಿ ಬೆಟ್ಟದ ಇಳಿಜಾರನ್ನು ಏರುತ್ತ ಹೋಗಿದೆ. ನಲವತ್ತಕ್ಕೂ ಹೆಚ್ಚು ತೊರೆಗಳು ಊರಿನ ನಡುವೆ ಹರಿದು ಸರೋವರ ಸೇರುತ್ತವೆ. ಊರಿನವರು ಕುಡಿಯುವ ನೀರೂ ಆ ಸರೋವರದ್ದೇ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸ್ತಾಪ ಬರುವುದಿದೆ.

ನಾವು ಹೋದ ವರ್ಷ ಅಲ್ಲಿ ಸುರಿದ ಹಿಮ ದಾಖಲೆಯದು. 2022-23ರ ಚಳಿಗಾಲದಲ್ಲಿ ಒಟ್ಟು 140 ಅಂಗುಲ, ಅಂದರೆ ಹನ್ನೊಂದೂವರೆ ಅಡಿಗೂ ಮಿಗಿಲಾದ ಹಿಮ ಬಿದ್ದಿತ್ತು. ಏಪ್ರಿಲ್ ನಡುವಿನಲ್ಲಿಯೂ ರಸ್ತೆಯ ಎರಡೂ ಬದಿಗೆ ಹಿಮದ ಒಡ್ಡುಗಳು ಬೂದುಬಣ್ಣಕ್ಕೆ ತಿರುಗಿ ಬಿದ್ದುಕೊಂಡಿದ್ದವು. ಬೆಟ್ಟದ ಮೇಲಿನ ಬಡಾವಣೆಗಳಲ್ಲಿ ಮೇ ಕಡೆಯ ವಾರದವರೆಗೂ ರಾತ್ರಿಯ ಹೊತ್ತು ಇಬ್ಬನಿ ಹೆಪ್ಪುಗಟ್ಟುವುದುಂಟು. ಸೆಪ್ಟೆಂಬರ್ ಕೊನೆಗೆ ಅದು ಮತ್ತೆ ಹಾಜರು. ನಡುವೆ ಉಳಿದ ನಾಲ್ಕು ತಿಂಗಳೇ ಗಿಡಮರಗಳ ಬಾಳು. ಆದರೆ ಪ್ರಕೃತಿ ಒಂದು ಕೈಯಿಂದ ಕಸಿದುದನ್ನು ಇನ್ನೊಂದು ಕೈಯಿಂದ ತುಂಬಿಕೊಡುತ್ತದೆ. ಜೂನ್ ತಿಂಗಳಲ್ಲಿ ಅಲ್ಲಿ ಹಗಲು ಹೆಚ್ಚುಕಡಿಮೆ 16 ತಾಸು. ರಾತ್ರಿ ಊಟ ಮುಗಿಸಿ ಹೊರಗೆ ಬಂದರೂ ಆಕಾಶದಲ್ಲಿ ಬೆಳಕು. ನಮ್ಮಲ್ಲಿ ಚೈತ್ರದಲ್ಲಿ ಅರಳುವಂತೆ ಅಲ್ಲಿ ಲೈಲಾಕ್ ಹೂವು ಜೂನಿನಲ್ಲಿ ಅರಳುತ್ತದೆ.

ನನ್ನ ಆತುರದ ಫಲ

ಏಪ್ರಿಲ್ ಕೊನೆಗೆ ಹಿಮ ಕರಗಿತು. ಮನೆಯ ಸುತ್ತಲಿನ ಹುಲ್ಲುಹಾಸು ಸುಮಾರು 3,000 ಚದರ ಅಡಿ. ಮುಂದಿನ ಭಾಗ ರಸ್ತೆಯ ಕಡೆಗೆ ಇಳಿಜಾರು. ಹಿಮದಡಿಯಿಂದ ಹೊರಬಂದ ಆ ನೆಲವನ್ನು ಕಂಡು ನನಗೆ ಮರುಕ ಉಂಟಾಯಿತು. ಹುಲ್ಲು ಒಣಮೇವಿನ ಬಣ್ಣಕ್ಕೆ ತಿರುಗಿ ನೆಲಕ್ಕೆ ಅಂಟಿಕೊಂಡಿತ್ತು. ಅಲ್ಲಲ್ಲಿ ಗಂಗಾಳದಗಲದ ಬೂದುಬಣ್ಣದ ವರ್ತುಲಗಳು. ಅವುಗಳ ಮೇಲೆ ಜೇಡರ ಬಲೆಯಂಥ ಬೂಸ್ಟು. ಇಲಿಯ ಜಾತಿಯ ಸಣ್ಣ ಪ್ರಾಣಿಯೊಂದು ಹಿಮದ ಕೆಳಗೆ ಓಡಾಡಿ ಮಾಡಿದ ಸೊಟ್ಟಸೊಟ್ಟ ಕಾಲುದಾರಿಗಳು. ರಸ್ತೆಯ ಅಂಚಿನಲ್ಲಿ, ಚಳಿಗಾಲದಲ್ಲಿ ಸುರಿದ ಉಪ್ಪು ತಾಗಿ ಒಂದು ಮೊಳದಗಲ ಸುಟ್ಟ ಪಟ್ಟಿ.

"ಅಜ್ಜಾ, ಹುಲ್ಲು ಸತ್ತುಹೋಗಿದೆಯಾ?" ಎಂದು ಮೊಮ್ಮಗಳು ಕೇಳಿದಳು.

"ಸತ್ತಿದ್ದರೆ ನಾನು ಬದುಕಿಸುತ್ತೇನೆ, ನೋಡು" ಎಂದೆ. ಹರಗುವ ಕೈ ಸುಮ್ಮನಿರಲಿಲ್ಲ. ಮಗನ ಮನೆಯಲ್ಲಿದ್ದ ಕಬ್ಬಿಣದ ಹಲ್ಲಿನ ದಂತಾಳ ಹಿಡಿದು ಮೂರು ದಿನ ಒಂದೇ ಸಮನೆ ಎಳೆದೆ. ನೆಲ ಇನ್ನೂ ಹಸಿಯಾಗಿತ್ತು. ಕೆಳಗೆ ಕೆಂಪು ಜಿಗುಟುಮಣ್ಣು. ನಾನು ಇಟ್ಟ ಹೆಜ್ಜೆಯೆಲ್ಲ ಗುಂಡಿ ಬಿದ್ದು ಗಟ್ಟಿಯಾಯಿತು. ಒಣಹುಲ್ಲಿನೊಂದಿಗೆ ಜೀವವಿದ್ದ ಬುಡಗಳೂ ಕಿತ್ತು ಬಂದವು. ಅದನ್ನು ನಾನು ಹುರುಪಿನಲ್ಲಿ ಗಮನಿಸಲಿಲ್ಲ.

ಮೇ ಮೊದಲ ವಾರದಲ್ಲಿ ಗೊಬ್ಬರದ ಚೀಲ ತರಿಸಿದೆ. ಚೀಲದ ಮೇಲೆ ಮೂರು ಅಂಕಿಗಳಿದ್ದವು. ಮಧ್ಯದ ಅಂಕಿ ಸೊನ್ನೆ. ನಮ್ಮ ಡಿಎಪಿ ಚೀಲದ ಮೇಲೆ 18-46-0 ಎಂದಿರುವುದನ್ನು ರೈತರ ಮಕ್ಕಳೆಲ್ಲ ಬಲ್ಲರು. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ರಂಜಕವೇ ಇಲ್ಲದ ಗೊಬ್ಬರ ಎಂಥ ಗೊಬ್ಬರ ಎಂದು ಮನಸ್ಸಿನಲ್ಲಿಯೇ ಮೂದಲಿಸಿ, ಕೊರತೆ ತುಂಬುವಂತೆ ಮುಷ್ಟಿ ಧಾರಾಳ ಮಾಡಿ ಕೈಯಿಂದಲೇ ಚೆಲ್ಲಿದೆ. ಅಂದೇ ರಾತ್ರಿ ಜೋರಾಗಿ ಮಳೆ ಬಂದಿತು. ಬೆಳಿಗ್ಗೆ ನೋಡಿದರೆ ಇಳಿಜಾರಿನ ಗೊಬ್ಬರದ ಕಾಳುಗಳಲ್ಲಿ ಅರ್ಧ ರಸ್ತೆಯ ಪಾಲಾಗಿದ್ದವು.

ನೆರೆಮನೆಯ ತಾಯಿ

ಬಾಗಿಲು ತೆರೆದಾಗ ಪಕ್ಕದ ಮನೆಯ ವೃದ್ಧೆಯೊಬ್ಬರು ಪೊರಕೆ ಹಿಡಿದು ನಮ್ಮ ಮನೆಯ ಮುಂದಿನ ರಸ್ತೆಯನ್ನು ಗುಡಿಸುತ್ತಿದ್ದರು. ಎಂಬತ್ತು ದಾಟಿದ ವಯಸ್ಸು. ಅವರ ಅಜ್ಜ-ಅಜ್ಜಿ ಫಿನ್ಲೆಂಡಿನಿಂದ ವಲಸೆ ಬಂದವರು. ನನಗೆ ಸಂಕೋಚವಾಗಿ ಓಡಿಹೋಗಿ ಪೊರಕೆಗೆ ಕೈಯೊಡ್ಡಿದೆ. ಅವರು ಗದರಿಸಲಿಲ್ಲ. ಗೊಬ್ಬರದ ಕಾಳುಗಳನ್ನು ಮೊರದಂಥ ತಗಡಿನಲ್ಲಿ ತುಂಬಿ ನನ್ನ ಕೈಗೆ ಕೊಟ್ಟು, ರಸ್ತೆಯ ಅಂಚಿನ ಕಬ್ಬಿಣದ ಜಾಲರಿಯನ್ನು ತೋರಿಸಿ, "ಈ ಬಾಯಿಗೆ ಬಿದ್ದ ನೀರನ್ನು ಯಾರೂ ಶುದ್ಧ ಮಾಡುವುದಿಲ್ಲ. ಇದು ತೊರೆಗೆ ಹೋಗುತ್ತದೆ, ತೊರೆ ಸರೋವರಕ್ಕೆ ಹೋಗುತ್ತದೆ. ಸರೋವರ ನಮ್ಮ ನಲ್ಲಿಗೆ ಬರುತ್ತದೆ" ಎಂದರು.

ಮಧ್ಯದ ಸೊನ್ನೆಯ ಅರ್ಥವೂ ಅಂದೇ ತಿಳಿಯಿತು. ರಂಜಕ ನೀರನ್ನು ಸೇರಿದರೆ ಪಾಚಿಗೆ ಹಬ್ಬದೂಟ. ಸಾವಿರಾರು ಕೆರೆಗಳ ನಾಡಾದ ಮಿನ್ನೆಸೋಟ ಇದನ್ನು ಮನಗಂಡು 2002ರಲ್ಲಿ ಕಾನೂನು ಮಾಡಿತು. 2005ರಿಂದ ರಾಜ್ಯದಾದ್ಯಂತ, ಹೊಸದಾಗಿ ಹುಲ್ಲು ಹಾಕುವಾಗ ಅಥವಾ ಮಣ್ಣಿನ ಪರೀಕ್ಷೆಯಲ್ಲಿ ಕೊರತೆ ಕಂಡುಬಂದಾಗ ಹೊರತು, ಹುಲ್ಲುಹಾಸಿಗೆ ರಂಜಕದ ಗೊಬ್ಬರ ಹಾಕುವಂತಿಲ್ಲ. ರಸ್ತೆಯ ಮೇಲೆ ಚೆಲ್ಲಿದ ಗೊಬ್ಬರವನ್ನು ಚೆಲ್ಲಿದವರೇ ಗುಡಿಸಬೇಕೆಂಬ ನಿಯಮವೂ ಅದರಲ್ಲಿದೆ. ಅಮೆರಿಕದಲ್ಲಿ ಇಂಥ ಕಾನೂನು ಮಾಡಿದ ಮೊದಲ ರಾಜ್ಯ ಅದು. ಇಷ್ಟಾದರೂ ಭಾರಿ ಮಳೆ ಸುರಿದ 2012 ಮತ್ತು 2018ರಲ್ಲಿ, ತಣ್ಣನೆಯ ಸುಪೀರಿಯರ್ ಸರೋವರದ ದಕ್ಷಿಣ ದಂಡೆಯಲ್ಲಿಯೂ ನೀಲಿ-ಹಸಿರು ಪಾಚಿ ಕಾಣಿಸಿಕೊಂಡಿತ್ತು. ಒಂದು ಅಂಗಳದ ಗೊಬ್ಬರ ಅಂಥ ಸರೋವರವನ್ನು ಕೆಡಿಸಲಾರದು. ಆದರೆ ಅಂಗಳಗಳು ಸಾವಿರಾರು. ಮೂರು ದಶಕ ವಿಜ್ಞಾನ ಕಲಿಸಿದವನಿಗೆ ಈ ಪಾಠವನ್ನು ನೆರೆಮನೆಯ ಪೊರಕೆ ಕಲಿಸಬೇಕಾಯಿತು.

ಜೂನ್ ನಡುವಿನ ಹೊತ್ತಿಗೆ ನನ್ನ ಕೈಚಳಕದ ಫಲ ಕಣ್ಣಿಗೆ ಕಂಡಿತು. ಗೊಬ್ಬರ ಹೆಚ್ಚು ಬಿದ್ದಲ್ಲಿ ಹುಲ್ಲು ಸುಟ್ಟು ಪಟ್ಟೆಪಟ್ಟೆಯಾಯಿತು. ಇಳಿಜಾರಿನಲ್ಲಿ ಸುಮಾರು 300 ಚದರ ಅಡಿ ನೆಲ ಬೋಳಾಗಿ ಕೆಂಪುಮಣ್ಣು ತೇಲಿತು. ಬೂಸ್ಟಿನ ವರ್ತುಲಗಳಾದರೋ, ನಾನು ಕೈಹಚ್ಚದೆ ಬಿಟ್ಟಿದ್ದ ಹಿತ್ತಲಲ್ಲಿ ತಾವಾಗಿಯೇ ಹಸಿರಾಗಿದ್ದವು! ಹಿಮದಡಿಯ ಆ ಬೂಸ್ಟು ಸಾಮಾನ್ಯವಾಗಿ ಎಲೆಯನ್ನಷ್ಟೇ ತಿನ್ನುತ್ತದೆ. ಬುಡ, ಬೇರು ಜೀವಂತ ಇರುತ್ತವೆ. ನೆಲ ಒಣಗಿದ ಮೇಲೆ ಬಿದಿರಿನ ಹಗುರ ದಂತಾಳದಿಂದ ಮೆಲ್ಲಗೆ ಕೆದರಿ ಗಾಳಿಯಾಡಲು ಬಿಟ್ಟರೆ ಅಷ್ಟೇ ಔಷಧ. ಅದು ಮುಗಿದ ಮೇಲೆ ಆ ತಾಯಿಯವರಿಂದ ತಿಳಿಯಿತು.

ಮಗ ಒಂದು ಮಾತನ್ನೂ ಆಡಲಿಲ್ಲ. "ಇರಲಿ ಬಿಡಪ್ಪಾ, ಹುಲ್ಲು ತಾನೆ" ಎಂದನು. ಆದರೆ ರಾತ್ರಿ ಕೆಲಸದಿಂದ ಬಂದವನು ದೀಪದ ಬೆಳಕಿನಲ್ಲಿ ಆ ಬೋಳು ಇಳಿಜಾರನ್ನು ನೋಡುತ್ತ ಒಂದು ಗಳಿಗೆ ನಿಂತುದನ್ನು ಕಿಟಕಿಯಿಂದ ಕಂಡೆ. ಮಗನ ಮನೆಗೆ ಹೋಗಿ ಆತನ ಅಂಗಳವನ್ನೇ ಕೆಡಿಸಿದೆನಲ್ಲಾ ಎಂದು ನನಗೆ ನಿದ್ರೆ ಬರಲಿಲ್ಲ. ಅವಸರದಲ್ಲಿ ಬೀಜ ತಂದು ಚೆಲ್ಲಿದೆ. ಆ ವರ್ಷ ಜೂನಿನಲ್ಲಿ ಅಲ್ಲಿ ಮಳೆ ಕೈಕೊಟ್ಟಿತು. ಕೆನಡಾದ ಕಾಡ್ಗಿಚ್ಚಿನ ಹೊಗೆ ಬಂದು ಹಲವು ದಿನ ಸೂರ್ಯ ಕುಂಕುಮದ ಬೊಟ್ಟಿನಂತೆ ಕಂಡನು. ಮೊಳೆತ ನಾಲ್ಕು ಎಸಳುಗಳೂ ಬಾಡಿದವು.

ಹುಲ್ಲಿನ ಪಂಚಾಂಗ

ಕೊನೆಗೆ ಸೋತು ಆ ತಾಯಿಯವರ ಬಳಿಗೆ ಹೋದೆ. ಅವರು ಹೇಳಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಸಂಗ್ರಹವಾಗಿ ಕೊಡುತ್ತೇನೆ. ಚಳಿನಾಡುಗಳಲ್ಲಿ ಮಕ್ಕಳಿರುವ ಅನೇಕ ಕುಟುಂಬಗಳಿಗೆ ಇದು ಉಪಯೋಗಕ್ಕೆ ಬರಬಹುದು.

ನಮ್ಮ ಕರಿಕೆ ಬಿಸಿಲಿನ ಹುಲ್ಲು. ಸೆಖೆ ಏರಿದಷ್ಟೂ ಹಬ್ಬುತ್ತದೆ. ಅಲ್ಲಿಯದು ಚಳಿಯ ಹುಲ್ಲು. ಕೆಂಟಕಿ ಬ್ಲೂಗ್ರಾಸ್, ಫೆಸ್ಕ್ಯೂ, ರೈಗ್ರಾಸ್ ಎಂಬ ಈ ಜಾತಿಗಳು 15ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಖವಾಗಿರುತ್ತವೆ. ಕೆಂಟಕಿ ಎಂದು ಹೆಸರಿದ್ದರೂ ಆ ಹುಲ್ಲಿನ ತವರು ಯುರೋಪು ಮತ್ತು ಏಷ್ಯಾ. ಅಂಗಳದ ತುಂಬ ಹುಲ್ಲು ಬೆಳೆಸಿ ಒಂದೇ ಎತ್ತರಕ್ಕೆ ಕತ್ತರಿಸುವುದೂ ಯುರೋಪಿನ ಸಿರಿವಂತರ ರೂಢಿ. ಮೊದಲು ಕುರಿಗಳೂ ಕುಡುಗೋಲುಗಳೂ ಮಾಡುತ್ತಿದ್ದ ಆ ಕೆಲಸಕ್ಕೆ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬವನು 1830ರಲ್ಲಿ ಯಂತ್ರ ಕಂಡುಹಿಡಿದ ಮೇಲೆ, ಕಾಲಕ್ರಮದಲ್ಲಿ ಅದು ಸಾಮಾನ್ಯರ ಅಂಗಳಕ್ಕೂ ಇಳಿದು ಬಂದಿತು.

ಈ ಹುಲ್ಲಿಗೆ ವರ್ಷದಲ್ಲಿ ಎರಡು ಏರುಕಾಲ. ವಸಂತದಲ್ಲಿ ಅದು ಎಲೆಯನ್ನು ಬೆಳೆಸುತ್ತದೆ. ಬೇಸಿಗೆಯ ಬಿಸಿಲಿಗೆ, ನೀರು ಸಾಲದಿದ್ದರೆ, ಕಂದುಬಣ್ಣಕ್ಕೆ ತಿರುಗಿ ನಿದ್ರೆಹೋಗುತ್ತದೆ. ಆಗಸ್ಟ್ ನಡುವಿನಿಂದ ತಂಪು ಮರಳಿದಾಗ ಮತ್ತೆ ಏಳುತ್ತದೆ. ಈ ಸಲ ಅದು ದುಡಿಯುವುದು ಬುಡಕ್ಕಾಗಿ, ಬೇರಿಗಾಗಿ. ಬರುವ ಆರು ತಿಂಗಳ ಹಿಮಕ್ಕೆ ಬೇಕಾದ ಬುತ್ತಿಯನ್ನು ಅದು ಕಟ್ಟಿಕೊಳ್ಳುವುದು ಆಗಲೇ. ಆದುದರಿಂದ ಬೀಜ ಬಿತ್ತಲು ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗಿನ ತಿಂಗಳೇ ಶ್ರೇಷ್ಠ. ಒಂದೇ ಸಲ ಗೊಬ್ಬರ ಹಾಕುವವರು ಸೆಪ್ಟೆಂಬರಿನಲ್ಲಿ ಹಾಕುವುದು ಲೇಸು. ನಮಗೆ ಮುಂಗಾರು ಹೇಗೋ ಆ ಹುಲ್ಲಿಗೆ ಶರತ್ಕಾಲ ಹಾಗೆ. ನಾನಾದರೋ ಏಪ್ರಿಲಿನಲ್ಲಿಯೇ ಕೂರಿಗೆ ಹೂಡಲು ಹೊರಟಿದ್ದೆ!

ಕತ್ತರಿಸುವುದಕ್ಕೂ ಲೆಕ್ಕವುಂಟು. ಮೂರು ಅಂಗುಲಕ್ಕಿಂತ ಗಿಡ್ಡ ಮಾಡಬಾರದು; ಒಂದು ಸಲಕ್ಕೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಎಲೆ ಗಿಡ್ಡವಾದಷ್ಟೂ ಬೇರು ಗಿಡ್ಡವಾಗುತ್ತದೆ. ಕತ್ತರಿಸಿದ ಚೂರುಗಳನ್ನು ಎತ್ತಿ ಹಾಕದೆ ಅಲ್ಲಿಯೇ ಬಿಟ್ಟರೆ ಕೊಳೆತು ಗೊಬ್ಬರವಾಗುತ್ತವೆ. ವರ್ಷಕ್ಕೆ ಒಂದು ಸಲದ ಗೊಬ್ಬರವೇ ಉಳಿಯುತ್ತದೆಂಬುದು ಬಲ್ಲವರ ಮಾತು. ಚಳಿಗಾಲದ ಮುಂಚಿನ ಕಡೆಯ ಕಟಾವನ್ನು ಮಾತ್ರ ಎರಡೂವರೆ ಅಂಗುಲಕ್ಕೆ ತರಬೇಕು, ಉದುರಿದ ಎಲೆಗಳನ್ನು ರಾಶಿ ಬೀಳಲು ಬಿಡಬಾರದು. ಉದ್ದ ಹುಲ್ಲು ಹಿಮದಡಿ ಮಡಚಿ ಬಿದ್ದರೆ ಬೂಸ್ಟಿಗೆ ಹಾಸಿಗೆ ಹಾಸಿಕೊಟ್ಟಂತೆ.

ಎಲ್ಲಕ್ಕೂ ಮೊದಲು ಮಣ್ಣಿನ ಪರೀಕ್ಷೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ನಮ್ಮ ಅಂಗಳದ ಮಣ್ಣನ್ನು ಅಂಚೆಯಲ್ಲಿ ಕಳಿಸಿದೆವು. ಉತ್ತರ ಬಂದಿತು: ರಂಜಕ ಬೇಕಾದುದಕ್ಕಿಂತ ಹೆಚ್ಚಾಗಿಯೇ ಇದೆ. ನಾನು ಮೂದಲಿಸಿದ್ದ ಸೊನ್ನೆ ನನ್ನನ್ನೇ ಮೂದಲಿಸಿತು.

ಒಂದು ದೂರವಾಣಿ ಕರೆ

ಜುಲೈ ತಿಂಗಳೆಲ್ಲ ಕೈಕಟ್ಟಿ ಕುಳಿತೆ. ಹಾಗೆ ಕೂಡುವುದೂ ಒಂದು ಕೆಲಸವೆಂದು ಕಲಿತೆ. ಹುಲ್ಲುಹಾಸಿಗೆ ವಾರಕ್ಕೆ ಒಂದು ಅಂಗುಲ ನೀರು ಬೇಕೆನ್ನುತ್ತಾರೆ. ಕಾಗದದ ಮೇಲೆ ಲೆಕ್ಕ ಹಾಕಿದೆ. 3,000 ಚದರ ಅಡಿಗೆ ಒಂದು ಅಂಗುಲವೆಂದರೆ ಸುಮಾರು 7,000 ಲೀಟರ್. ನಮ್ಮ ಮನೆಯ ಹಿತ್ತಾಳೆ ಕೊಡದಲ್ಲಿ 470 ಕೊಡ! ನಮ್ಮ ಹೊಲ ಮಲಪ್ರಭಾ ಕಾಲುವೆಯ ಬಾಲಭಾಗದಲ್ಲಿದೆ. ಅಲ್ಲಿಗೆ ನೀರು ತಲುಪುವುದು ಹಬ್ಬಕ್ಕೊಮ್ಮೆ. ದನ ತಿನ್ನದ, ಜನ ಉಣ್ಣದ ಹುಲ್ಲಿಗೆ ವಾರಕ್ಕೆ 470 ಕೊಡ ನೀರು ಸುರಿಯುವುದಕ್ಕೆ ನನ್ನ ಕೈ ಏಳಲಿಲ್ಲ. ನಿದ್ರೆಹೋದ ಹುಲ್ಲು ಸಾಯುವುದಿಲ್ಲ, ಎರಡು-ಮೂರು ವಾರಕ್ಕೊಮ್ಮೆ ಅರ್ಧ ಅಂಗುಲ ನೀರು ಕಂಡರೆ ಬುಡ ಜೀವ ಹಿಡಿದಿರುತ್ತದೆ ಎಂದು ತಿಳಿದ ಮೇಲೆ ಮಗನೂ ಒಪ್ಪಿದನು. ಅಂಗಳ ಕಂದಾಯಿತು. ನೆರೆಮನೆಯದೂ ಕಂದಾಗಿತ್ತು; ನಡುನಡುವೆ ಬಿಳಿ ಕ್ಲೋವರ್ ಮಾತ್ರ ಹಸಿರಾಗಿ, ಜೇನ್ನೊಣಗಳಿಂದ ತುಂಬಿತ್ತು. ಕ್ಲೋವರ್ ನಮ್ಮ ಹುರುಳಿ, ಶೇಂಗಾಗಳ ಬಳಗದ್ದು. ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿದಿಡುತ್ತದೆ. 2019ರಿಂದ ಮಿನ್ನೆಸೋಟ ಸರ್ಕಾರವೇ ಜೇನ್ನೊಣಗಳಿಗಾಗಿ ಇಂಥ ಹೂವಿನ ಅಂಗಳ ಮಾಡುವವರಿಗೆ ನೆರವು ನೀಡುವ ಯೋಜನೆ ತಂದಿದೆ.

ಆಗಸ್ಟ್ 23. ಅಂದು ಬೆಳಿಗ್ಗೆ ಅಲ್ಲಿಯ ಏಳೂವರೆಗೆ ನಮ್ಮ ಚಂದ್ರಯಾನ-3 ಚಂದ್ರನ ಮೇಲೆ ಇಳಿದುದನ್ನು ಮನೆಮಂದಿಯೆಲ್ಲ ಕೂಡಿ ನೋಡಿ ಚಪ್ಪಾಳೆ ತಟ್ಟಿದೆವು. ಅದೇ ಶುಭಗಳಿಗೆಯೆಂದು ಆ ದಿನವೇ ಬಿತ್ತನೆ ಮಾಡಿದೆ. ಗಟ್ಟಿಯಾಗಿದ್ದ ಇಳಿಜಾರನ್ನು ಸಡಿಲಿಸಿ, ಕೊಳೆತ ಎಲೆಗೊಬ್ಬರ ಕೂಡಿಸಿ, ಮೂರು ಜಾತಿಯ ಬೀಜ ಬೆರೆಸಿ ಚೆಲ್ಲಿ, ಕಾಲಂಗುಲ ಮಣ್ಣು ಮುಚ್ಚುವಂತೆ ಕೆದರಿ, ಹಗುರಾಗಿ ಒತ್ತಿದೆ. ಆ 300 ಚದರ ಅಡಿಗೆ ಮಾತ್ರ ದಿನಕ್ಕೆರಡು ಸಲ, ಒಟ್ಟು ಹನ್ನೆರಡು ಕೊಡದಷ್ಟು ನೀರು ಚಿಮುಕಿಸುತ್ತ ಬಂದೆ. ಆರನೆಯ ದಿನ ರೈಗ್ರಾಸ್ ಮೊಳೆಯಿತು. ಹತ್ತನೆಯ ದಿನಕ್ಕೆ ಫೆಸ್ಕ್ಯೂ ಕೂದಲೆಳೆಯಂತೆ ತಲೆಯೆತ್ತಿತು. ಬ್ಲೂಗ್ರಾಸ್ ಮಾತ್ರ ಮೂರು ವಾರವಾದರೂ ಹೊರಗೆ ಬರಲಿಲ್ಲ. ತಡವಾಗಿ ಬರುವುದು ಅದರ ಗುಣ. ನೆಲದೊಳಗೆ ಕವಲೊಡೆದು ಹಬ್ಬಿ ಬಹುಕಾಲ ಬಾಳುವುದೂ ಅದೇ.

ಸೆಪ್ಟೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ ನೀರಿನ ಕೊಳವೆ ನನ್ನ ಕೈಯಲ್ಲಿತ್ತು. ಊರಿನಿಂದ ತಮ್ಮನ ಫೋನು ಬಂದಿತು.

"ಅಣ್ಣಾ, ಹೆಸರು ಹೋತು. ಗೋವಿನಜೋಳದ ಸುಳಿ ಒಣಗೈತಿ. ಆಗಸ್ಟ್‌ನಾಗ ಒಂದ ಹನಿ ಬಿದ್ದಿಲ್ಲ. ಹಿಂಗಾರಿ ಬಿತ್ತೂದು ಹೆಂಗಂತ ತಿಳೀವಲ್ದು. ನೀ ಏನ್ ಮಾಡಾಕತ್ತೀ?"

ಕೊಳವೆಯ ನೀರು ನನ್ನ ಕಾಲಬಳಿ ಹರಿಯುತ್ತಿತ್ತು. "ಏನಿಲ್ಲೋ, ಸುಮ್ನ ಹೊರಗ ನಿಂತೇನಿ" ಎಂದೆ. ಎಪ್ಪತ್ತರ ಹತ್ತಿರದ ಈ ಬಾಯಿಂದ ಸುಳ್ಳು ಬಂದಿತು. 2023ರ ಆಗಸ್ಟ್ ತಿಂಗಳು, 1901ರಿಂದ ಈಚೆಗೆ ಭಾರತ ಕಂಡ ಅತ್ಯಂತ ಒಣ ಆಗಸ್ಟ್ ಎಂದು ಹವಾಮಾನ ಇಲಾಖೆ ಹೇಳಿತು. ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. ಅಂಥ ಹೊತ್ತಿನಲ್ಲಿ, ತಮ್ಮ ಆಕಾಶ ನೋಡುತ್ತಿರುವಾಗ, ಅಣ್ಣ ಪರದೇಶದಲ್ಲಿ ಹುಲ್ಲಿಗೆ ನೀರುಣಿಸುತ್ತಿದ್ದನು.

ನಲ್ಲಿ ನಿಲ್ಲಿಸಿ ಒಳಗೆ ಬಂದೆ. ಇನ್ನು ಈ ಕೆಲಸ ಸಾಕೆಂದು ಪತ್ನಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಇಲ್ಲಿ ನೀರು ಬಿಟ್ರ ನವಲಗುಂದಕ್ಕ ಹೋಗಿ ಮುಟ್ಟತೈತೇನು? ಬಿತ್ತಾಕಿಂತ ಮೊದಲ ವಿಚಾರ ಮಾಡಬೇಕಾಗಿತ್ತು. ಹುಟ್ಟಿದ್ದನ್ನ ಸಾಯಾಕ ಬಿಡೂದು ಯಾವ ಊರಿನ ಧರ್ಮ?" ಎಂದಳು. ಆಮೇಲೆ ಮೆಲ್ಲಗೆ, "ತಮ್ಮಗ ಮಾತ್ರ ಖರೇ ಹೇಳ್ರಿ" ಎಂದಳು.

ಮರುದಿನ ನಾನೇ ಫೋನು ಮಾಡಿ ಇದ್ದುದನ್ನು ಇದ್ದಂತೆ ಹೇಳಿದೆ: ಅಂಗಳ ಕೆಡಿಸಿದ್ದು, ರಂಜಕದ ಸೊನ್ನೆ, ಹನ್ನೆರಡು ಕೊಡ ನೀರು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ ನಕ್ಕು, "ಅಪ್ಪ ಇದ್ದಿದ್ರ ಗುದ್ದಲಿ ತಗೊಂಡು ಬೆನ್ನು ಹತ್ತತಿದ್ದ" ಎಂದನು. ಅಳುವ ಹೊತ್ತಿನಲ್ಲಿ ನಕ್ಕ ತಮ್ಮನ ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ. "ಮಣ್ಣು ಪರೀಕ್ಷೆ ಅಂದ್ಯಲ್ಲ, ಬಂದ ಮ್ಯಾಲೆ ನಮ್ಮ ಹೊಲದ್ದೂ ಮಾಡಿಸೂಣು" ಎಂದೂ ಹೇಳಿದನು.

ಮರಳಿದ ಮೇಲೆ

ಅಕ್ಟೋಬರ್ 7ರಂದು ನಾವು ಹೊರಟೆವು. ಅಷ್ಟರಲ್ಲಿ ಹೊಸ ಹುಲ್ಲನ್ನು ಎರಡು ಸಲ ಕತ್ತರಿಸಿಯಾಗಿತ್ತು. ರಸ್ತೆಯ ಅಂಚಿನ ಉಪ್ಪುಪಟ್ಟಿಯನ್ನೂ ದಕ್ಷಿಣದ ಬಿಸಿಲುಬದಿಯನ್ನೂ ಇನ್ನು ಹುಲ್ಲುಹಾಸಾಗಿ ಕಾಯುವುದು ಬೇಡ, ಮುಂದಿನ ವಸಂತಕ್ಕೆ ಅಲ್ಲಿ ಕ್ಲೋವರ್ ಮುಂತಾದವನ್ನು ಹಾಕೋಣವೆಂದು ಮಗ ತಾನೇ ಹೇಳಿದನು. ನೆರೆಮನೆಯ ತಾಯಿಯವರು ಹೊರಡುವ ದಿನ ಬಂದು, ಹೊಸ ಹುಲ್ಲನ್ನು ಬಗ್ಗಿ ಮುಟ್ಟಿ ನೋಡಿ, "ಇನ್ನು ಹಿಮ ಬೀಳಬೇಕು. ಹಿಮವೇ ಇದರ ಕಂಬಳಿ" ಎಂದರು.

ಆದರೆ ಆ ಚಳಿಗಾಲ ಹಿಮವೇ ಬೀಳಲಿಲ್ಲವೆನ್ನಬಹುದು. ಹಿಂದಿನ ವರ್ಷ ದಾಖಲೆಯ ಹಿಮ ಕಂಡ ಅದೇ ನಾಡಿಗೆ 2023-24ರ ಚಳಿಗಾಲ ದಾಖಲೆಯ ಬೆಚ್ಚನೆಯದಾಯಿತು. ಕಂಬಳಿಯಿಲ್ಲದೆ ಒಣಗಾಳಿಗೆ ಎಳೆಹುಲ್ಲು ಏನಾಗುವುದೋ ಎಂದು ನಾನು ಇಲ್ಲಿ ಎರೆಹೊಲದ ಬದುವಿನ ಮೇಲೆ ಕುಳಿತು ಚಿಂತಿಸುತ್ತಿದ್ದೆನೆಂದರೆ ಓದುಗರು ಮತ್ತೊಮ್ಮೆ ನಗಬಹುದು.

ಇತ್ತ ನಾನೂ ತಮ್ಮನೂ ನಮ್ಮ ಹೊಲದ ಮಣ್ಣನ್ನು ಪರೀಕ್ಷೆ ಮಾಡಿಸಿದೆವು. ವರ್ಷವರ್ಷವೂ ಅಂದಾಜಿನ ಮೇಲೆ ಡಿಎಪಿ ಸುರಿಯುತ್ತ ಬಂದಿದ್ದ ಆ ಭೂಮಿಯಲ್ಲಿ ರಂಜಕ ಸಾಕಷ್ಟಿತ್ತು, ಕೊರತೆಯಿದ್ದುದು ಸತುವಿನದು. 2024ರ ಮುಂಗಾರಿಗೆ ತಮ್ಮ ಎಕರೆಗೆ ಅರ್ಧ ಚೀಲ ಡಿಎಪಿ ಕಡಿಮೆ ಮಾಡಿದನು. ಬರದ ಸಾಲ ಹೊತ್ತ ಮನೆಗೆ ಅದು ಸಣ್ಣ ಉಳಿತಾಯವಲ್ಲ. ನಮ್ಮ ಹೊಲದ ನೀರೂ ಹಳ್ಳ ಸೇರಿ, ಬೆಣ್ಣಿಹಳ್ಳವಾಗಿ ಮಲಪ್ರಭೆಯನ್ನೇ ಸೇರುತ್ತದಲ್ಲವೆ?

2024ರ ಮೇ ಕೊನೆಗೆ ಮಗ ಒಂದು ಭಾವಚಿತ್ರ ಕಳಿಸಿದನು. ಇಳಿಜಾರಿನಲ್ಲಿ ಮೊಮ್ಮಗಳು ಬರಿಗಾಲಿನಲ್ಲಿ ನಿಂತಿದ್ದಾಳೆ. ಅಲ್ಲೊಂದು ಇಲ್ಲೊಂದು ಬೋಳು ಇದೆ. ರೈಗ್ರಾಸ್ ಬಹುಪಾಲು ಚಳಿಗೆ ಹೋಗಿದೆಯಂತೆ. ಉಳಿದುದೆಲ್ಲ ತಡವಾಗಿ ಮೊಳೆತ ಬ್ಲೂಗ್ರಾಸ್ ಮತ್ತು ಫೆಸ್ಕ್ಯೂ. ಮೂರು ವಾರ ಮಣ್ಣಿನೊಳಗೆ ಕಾಣದೆ ಇದ್ದುದೇ ಚಳಿಗಾಲ ದಾಟಿ ನಿಂತಿತ್ತು.

ನಮ್ಮ ಸಮಾಜದ ಎಷ್ಟೋ ಮನೆಗಳ ಹಿರಿಯರು ಈಗ ಏಪ್ರಿಲ್ ಬಂದಿತೆಂದರೆ ಮಕ್ಕಳಿರುವ ಚಳಿನಾಡುಗಳಿಗೆ ಹೊರಡುತ್ತಾರೆ. ಅವರಲ್ಲಿ ನನ್ನದೊಂದು ವಿನಂತಿ. ದುಡಿದ ಕೈಗೆ ಸುಮ್ಮನಿರುವುದು ಕಷ್ಟ, ಅದನ್ನು ಬಲ್ಲೆ. ಆದರೆ ಹಿಮ ಕರಗಿದ ನೆಲದ ಮೇಲೆ ಕೂಡಲೇ ಕಾಲಿಡಬೇಡಿ. ಮೊದಲು ನೆಲ ಒಣಗಲಿ. ಮಣ್ಣನ್ನು ಕೇಳಿರಿ, ನೆರೆಮನೆಯವರನ್ನು ಕೇಳಿರಿ, ನೀರು ಎಲ್ಲಿಗೆ ಹರಿದುಹೋಗುತ್ತದೆಂಬುದನ್ನು ನೋಡಿಕೊಳ್ಳಿರಿ. ಮಾಡಬೇಕಾದ ಕೆಲಸಕ್ಕೆ ಆಗಸ್ಟ್ ಬಂದೇ ಬರುತ್ತದೆ.